ಡಬಲ್ ಮಾರ್ಕರ್‌ನಲ್ಲಿ 1:480 ಬಂದಿದೆ. ಒಬ್ಬರು ಹೆದರಿಸುತ್ತಾರೆ, ಒಬ್ಬರು ನಗುತ್ತಾರೆ. ಎನ್‌ಐಪಿಟಿ ಮಾಡಿಸಬೇಕಾ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನನಗೆ 31 ವರ್ಷ, ಇದು ಮೊದಲ ಮಗು, ಈಗ 13ನೇ ವಾರ. ಎನ್‌ಟಿ ಸ್ಕ್ಯಾನ್ (ಮಗುವಿನ ಕತ್ತಿನ ಹಿಂಭಾಗ ಅಳೆಯುವ ಸ್ಕ್ಯಾನ್) ಚೆನ್ನಾಗಿದೆ ಅಂದರು. ಅದರ ಜೊತೆಗೆ ಡಬಲ್ ಮಾರ್ಕರ್ ರಕ್ತಪರೀಕ್ಷೆಯೂ ಆಯಿತು. ರಿಪೋರ್ಟಿನಲ್ಲಿ ಡೌನ್ ಸಿಂಡ್ರೋಮ್ ಎದುರಿಗೆ 1:480 ಅಂತ ಇದೆ, ಅದರ ಪಕ್ಕ ಒಂದು ಕಿತ್ತಳೆ ಪಟ್ಟಿ, ಪಟ್ಟಿಯೊಳಗೆ 'ಇಂಟರ್ಮೀಡಿಯೇಟ್ ರಿಸ್ಕ್' ಅಂತ ದಪ್ಪ ಅಕ್ಷರ.

ನಾವು ತೋರಿಸುತ್ತಿರುವ ಡಾಕ್ಟರ್ ಅದನ್ನು ನೋಡಿದವರೇ "ಸ್ವಲ್ಪ ರಿಸ್ಕ್ ಇದೆಯಮ್ಮ, ಎನ್‌ಐಪಿಟಿ ಮಾಡಿಸಿಬಿಡಿ, ನಾಳೆ ಮಾಡಿಸಬೇಕಿತ್ತು ಅಂತ ಅನ್ನಿಸಬಾರದಲ್ವಾ" ಅಂದರು. ಎನ್‌ಐಪಿಟಿ ಅಂದರೆ ತಾಯಿಯ ರಕ್ತದಲ್ಲಿ ಸಿಗುವ ಮಗುವಿನ ಡಿಎನ್‌ಎ ನೋಡುವ ಪರೀಕ್ಷೆಯಂತೆ. ಮನೆಗೆ ಬರುವಷ್ಟರಲ್ಲಿ ನನಗೆ ಕೈಕಾಲು ತಣ್ಣಗಾಗಿತ್ತು. ಸಂಜೆ ನನ್ನ ಚಿಕ್ಕಮ್ಮನ ಮಗಳಿಗೆ ಫೋನ್ ಮಾಡಿದೆ, ಅವಳೂ ಡಾಕ್ಟರ್, ಹುಬ್ಬಳ್ಳಿಯಲ್ಲಿದ್ದಾಳೆ. ಅವಳು ನಕ್ಕುಬಿಟ್ಟಳು. "ಅಕ್ಕ, 480ರಲ್ಲಿ 479 ಮಕ್ಕಳಿಗೆ ಏನೂ ಇರೋದಿಲ್ಲ, ಅಂದ್ರೆ 99.8 ಪರ್ಸೆಂಟ್ ಸರಿ ಇದೆ ಅಂತ, ಮಲ್ಕೋ ಹೋಗು" ಅಂದಳು. ನಿಜಕ್ಕೂ ಮಲಗಿದೆ. ಬೆಳಗ್ಗೆ ಎದ್ದು ನೋಡಿದರೆ ನಂಬರ್ ಅದೇ 1:480!

ಇನ್ನೊಂದು ವಿಷಯ. ಆಸ್ಪತ್ರೆಯವರು ಒಂದು ಫಾರಂ ಕೊಟ್ಟಿದ್ದಾರೆ, ಪೂರ್ತಿ ಇಂಗ್ಲಿಷ್. ಪರೀಕ್ಷೆ ಬೇಕು ಅನ್ನುವ ಚೌಕದಲ್ಲಿ ಮೊದಲೇ ಟಿಕ್ ಪ್ರಿಂಟ್ ಆಗಿದೆ. ಬೇಡ ಅನ್ನುವವರು ಮಾತ್ರ ಕೆಳಗೆ ಇನ್ನೊಂದು ಕಡೆ ಸಹಿ ಹಾಕಬೇಕು. ಅಲ್ಲಿ "ಡಾಕ್ಟರ ಸಲಹೆಯನ್ನು ನಿರಾಕರಿಸಿದ್ದೇನೆ, ಮುಂದಾಗುವುದಕ್ಕೆ ನಾನೇ ಹೊಣೆ" ಅನ್ನುವ ಅರ್ಥದ ಸಾಲಿದೆ. ಸಾಲದ್ದಕ್ಕೆ ಲ್ಯಾಬಿನ ಹುಡುಗ ಫೋನ್ ಮಾಡಿ "ಮೇಡಂ, 99 ಪರ್ಸೆಂಟ್ ಆಕ್ಯುರೇಟ್, ಬೇಸಿಕ್, ಅಡ್ವಾನ್ಸ್ಡ್, ಕಂಪ್ಲೀಟ್ ಅಂತ ಮೂರು ಪ್ಯಾಕೇಜ್ ಇದೆ, ಜಾಸ್ತಿ ಜನ ಅಡ್ವಾನ್ಸ್ಡ್ ತಗೋತಾರೆ" ಅನ್ನುತ್ತಾನೆ. ಅತ್ತೆ "ನಮ್ಮ ಕಾಲದಲ್ಲಿ ಇವೆಲ್ಲ ಎಲ್ಲಿತ್ತು" ಅನ್ನುತ್ತಾರೆ. ನಮ್ಮ ಯಜಮಾನರು "ನಿನಗೆ ಹೇಗನ್ನಿಸುತ್ತೋ ಹಾಗೆ" ಅಂತ ಜಾರಿಕೊಂಡರು.

ಪರೀಕ್ಷೆ ಒಳ್ಳೆಯದೋ ಕೆಟ್ಟದ್ದೋ ಅಂತ ನಾನು ಕೇಳುತ್ತಿಲ್ಲ. ಯಾರು ಹೇಗೆ ಹೇಳುತ್ತಾರೋ ಆ ಕಡೆ ನನ್ನ ಮನಸ್ಸು ವಾಲುತ್ತಿದೆ. ಇದು ನನ್ನೊಬ್ಬಳಿಗೇನಾ? ಇದರಿಂದ ಹೊರಗೆ ಬಂದು ಯೋಚನೆ ಮಾಡುವುದು ಹೇಗೆ?

ಹಾಸನ್ ಹುಡುಗ

ಮೇಡಂ, ಇಷ್ಟೊಂದು ತಲೆ ಕೆಡಿಸಿಕೊಳ್ಳುವ ವಿಷಯ ಅಲ್ಲ ಇದು. ಬರೀ ರಕ್ತ ತಗೋತಾರೆ, ಮಗುವಿಗೆ ಏನೂ ಆಗಲ್ಲ. ದುಡ್ಡು ಇದ್ದರೆ ಮಾಡಿಸಿ, ನಿಶ್ಚಿಂತೆಯಿಂದ ಇರಿ. ನನ್ನ ಹೆಂಡತಿಗೂ ಮಾಡಿಸಿದ್ದೆವು, ನೆಗೆಟಿವ್ ಬಂತು, ಮುಗೀತು. ಡಾಕ್ಟರ್ ಹೇಗೆ ಹೇಳಿದರು, ಯಾವ ಬಣ್ಣದಲ್ಲಿ ಪ್ರಿಂಟ್ ಹಾಕಿದರು ಅಂತೆಲ್ಲ ಯಾಕೆ ನೋಡೋದು? ನಂಬರ್ ನಂಬರೇ.

ಲೆಕ್ಕದ ಮೇಷ್ಟ್ರು

ಹಾಸನದವರೇ, ನಂಬರ್ ನಂಬರೇ ಅನ್ನುವುದು ನಿಜ, ಆದರೆ ಲ್ಯಾಬಿನ ಹುಡುಗ ಹೇಳಿದ '99 ಪರ್ಸೆಂಟ್' ಯಾವುದರ ನಂಬರ್ ಅಂತ ನಿಮಗೆ ಗೊತ್ತಾ? ಹತ್ತರಲ್ಲಿ ಒಂಬತ್ತು ಜನ ಅದನ್ನು ಕೇಳಿ "ಪಾಸಿಟಿವ್ ಬಂದರೆ 99 ಪರ್ಸೆಂಟ್ ಗ್ಯಾರಂಟಿ" ಅಂದುಕೊಳ್ಳುತ್ತಾರೆ. ಅದು ಹಾಗಲ್ಲ. ತೊಂದರೆ ಇರುವ 100 ಮಕ್ಕಳಲ್ಲಿ 99ನ್ನು ಈ ಪರೀಕ್ಷೆ ಹಿಡಿಯುತ್ತದೆ ಅಂತ ಅದರ ಅರ್ಥ. ಎರಡೂ ಬೇರೆ ಬೇರೆ ಮಾತು.

ಪೆನ್ನು ತಗೊಳ್ಳಿ. ತುಂಗಾ ಅವರ ಹಾಗೆಯೇ 1:480 ಬಂದಿರುವ 10,000 ಹೆಂಗಸರು ಇದ್ದಾರೆ ಅಂದುಕೊಳ್ಳೋಣ. ಇವರಲ್ಲಿ ಸುಮಾರು 21 ಜನರ ಮಗುವಿಗೆ ಡೌನ್ ಸಿಂಡ್ರೋಮ್ ಇರುತ್ತದೆ, 9,979 ಜನರ ಮಗುವಿಗೆ ಇರುವುದಿಲ್ಲ. ಎಲ್ಲರಿಗೂ ಎನ್‌ಐಪಿಟಿ ಮಾಡಿದೆವು. ಆ 21ರಲ್ಲಿ ಹೆಚ್ಚುಕಮ್ಮಿ ಎಲ್ಲವೂ ಸಿಗುತ್ತವೆ. ಉಳಿದವರಲ್ಲಿ ಸಾವಿರಕ್ಕೆ ಒಬ್ಬರಿಗೆ ಸುಳ್ಳು ಪಾಸಿಟಿವ್ ಬರುತ್ತದೆ ಅಂತ ಇಟ್ಟುಕೊಂಡರೆ, ಸುಮಾರು 10 ಜನ. ಅಂದರೆ ಒಟ್ಟು 31 ಜನರ ಕೈಗೆ ಪಾಸಿಟಿವ್ ರಿಪೋರ್ಟ್ ಬರುತ್ತದೆ, ಅದರಲ್ಲಿ 10 ಸುಳ್ಳು. ಮೂರರಲ್ಲಿ ಒಂದು! ಎಲ್ಲಿಯ 99 ಪರ್ಸೆಂಟ್?

ಇದೇ ಲೆಕ್ಕವನ್ನು 25 ವರ್ಷದ ಹುಡುಗಿಗೆ ಹಾಕಿ. ಆ ವಯಸ್ಸಿಗೆ ಸುಮಾರು 1,250ಕ್ಕೆ ಒಂದು. 10,000ದಲ್ಲಿ 8 ಮಕ್ಕಳು, ಸುಳ್ಳು ಪಾಸಿಟಿವ್ ಮತ್ತೆ 10. ಅಂದರೆ ಪಾಸಿಟಿವ್ ಬಂದವರಲ್ಲಿ ಅರ್ಧಕ್ಕಿಂತ ಜಾಸ್ತಿ ಸುಳ್ಳು. 40 ವರ್ಷದವರಿಗೆ 100ಕ್ಕೆ 1ರ ಲೆಕ್ಕ, ಅಲ್ಲಿ 100 ನಿಜ, 10 ಸುಳ್ಳು. ಪರೀಕ್ಷೆ ಒಂದೇ, ಲ್ಯಾಬ್ ಒಂದೇ, ಜಾಹೀರಾತಿನಲ್ಲಿರುವ 99 ಕೂಡ ಒಂದೇ. ಆದರೆ ರಿಪೋರ್ಟ್ ಹಿಡಿದವರಿಗೆ ಅದರ ತೂಕ ಬೇರೆ.

ನೆಗೆಟಿವ್ ಬಂದರೆ ಮಾತ್ರ ಧೈರ್ಯವಾಗಿ ನಂಬಬಹುದು. ಉಳಿದ 9,969 ಜನರಲ್ಲಿ ಒಂದೂ ತಪ್ಪಿಹೋಗದೆ ಇರುವ ಸಾಧ್ಯತೆಯೇ ಹೆಚ್ಚು. ಹಾಸನದವರಿಗೆ ನಿಶ್ಚಿಂತೆ ಸಿಕ್ಕಿದ್ದು ಅದಕ್ಕೇ. ಆದರೆ ಪಾಸಿಟಿವ್ ಬಂದಿದ್ದರೆ ಮನೆಯಲ್ಲಿ ಏನು ನಡೆಯುತ್ತಿತ್ತು ಅಂತ ಒಂದು ಸಲ ಯೋಚಿಸಿ.

ಇನ್ನು ಆ ಮೂರು ಪ್ಯಾಕೇಜ್. ಕಾಫಿ ಅಂಗಡಿಯಲ್ಲಿ ಸಣ್ಣ, ನಡುವಿನದು, ದೊಡ್ಡ ಲೋಟ ಇಟ್ಟರೆ ಜನ ಸುಮ್ನೆ ನಡುವಿನದಕ್ಕೆ ಕೈ ಹಾಕುತ್ತಾರೆ, ಇಲ್ಲೂ ಅದೇ ಆಟ. ದುಬಾರಿ ಪ್ಯಾಕೇಜಿನಲ್ಲಿ ತೀರಾ ಅಪರೂಪದ ಮೈಕ್ರೋಡಿಲೀಷನ್‌ಗಳನ್ನೆಲ್ಲ (ಕ್ರೋಮೋಸೋಮಿನ ಚಿಕ್ಕ ತುಂಡು ಇಲ್ಲದೆ ಬರುವ ಕಾಯಿಲೆಗಳು) ಸೇರಿಸಿರುತ್ತಾರೆ. ಕಾಯಿಲೆ ಅಪರೂಪವಾದಷ್ಟೂ ಸುಳ್ಳು ಪಾಸಿಟಿವ್‌ನ ಪಾಲು ಜಾಸ್ತಿ, ಮೇಲಿನ ಲೆಕ್ಕವನ್ನೇ ಮತ್ತೆ ಹಾಕಿ ನೋಡಿ. 2022ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಪರೀಕ್ಷೆಗಳ ಫಲಿತಾಂಶ ಸುಳ್ಳಾಗಬಹುದು, ಇದೊಂದನ್ನೇ ನಂಬಿ ಬಸಿರಿನ ಬಗ್ಗೆ ದೊಡ್ಡ ತೀರ್ಮಾನ ಮಾಡಬೇಡಿ ಅಂತ ಎಚ್ಚರಿಕೆ ಕೊಟ್ಟಿತ್ತು. ಜಾಸ್ತಿ ಕಾಯಿಲೆ ನೋಡುತ್ತೇವೆ ಅಂದರೆ ಜಾಸ್ತಿ ಒಳ್ಳೆಯದು ಅಂತ ಕೇಳಿಸುತ್ತದೆ, ಅಷ್ಟೇ.

ಜೀನ್ಸ್ ಅಕ್ಕ

ನಾನು ಜೆನೆಟಿಕ್ ಕೌನ್ಸೆಲಿಂಗ್ ಕೆಲಸದಲ್ಲಿದ್ದೇನೆ. ತುಂಗಾ, ಇದು ನಿಮ್ಮೊಬ್ಬರಿಗೇ ಆಗುತ್ತಿರುವುದಲ್ಲ. ಡಾಕ್ಟರಿಗೂ ಆಗುತ್ತದೆ, ಇದಕ್ಕೆ ಪುರಾವೆಯೂ ಇದೆ. 1982ರಲ್ಲಿ ಒಂದು ಅಧ್ಯಯನ ಬಂತು, ಮೆಕ್‌ನೀಲ್, ಪಾಕರ್, ಸಾಕ್ಸ್ ಮತ್ತು ಟ್ವರ್ಸ್ಕಿ ಮಾಡಿದ್ದು. ಶ್ವಾಸಕೋಶದ ಕ್ಯಾನ್ಸರಿಗೆ ಆಪರೇಷನ್ ಮಾಡಬೇಕೋ ರೇಡಿಯೇಷನ್ ಕೊಡಬೇಕೋ ಅನ್ನುವ ಪ್ರಶ್ನೆ. ಕೆಲವರಿಗೆ "ಆಪರೇಷನ್ ಆದ 100ರಲ್ಲಿ 90 ಜನ ಬದುಕುತ್ತಾರೆ" ಅಂದರು, ಕೆಲವರಿಗೆ "10 ಜನ ಸಾಯುತ್ತಾರೆ" ಅಂದರು. ಬದುಕುವ ಲೆಕ್ಕ ಕೇಳಿದ ಡಾಕ್ಟರುಗಳಲ್ಲಿ 84 ಪರ್ಸೆಂಟ್ ಆಪರೇಷನ್ ಆರಿಸಿದರು, ಸಾಯುವ ಲೆಕ್ಕ ಕೇಳಿದವರಲ್ಲಿ 50 ಪರ್ಸೆಂಟ್. ದಿನಾ ಇದೇ ಕೆಲಸ ಮಾಡುವವರ ಕಥೆ ಇದು, ಗಾಬರಿಯಲ್ಲಿರುವ ಬಸುರಿಯರ ಪಾಡೇನು ಹೇಳಿ.

ನಿಮ್ಮ ರಿಪೋರ್ಟಿನಲ್ಲಿ ಇಂಥ ತಿರುವುಗಳು ಒಂದಲ್ಲ, ಮೂರ್ನಾಲ್ಕಿವೆ.

'1:480' ಅಂತ ಬರೆಯುವುದೇ ಒಂದು ತಿರುವು. '1000ಕ್ಕೆ 2' ಅಂದರೂ ಅಷ್ಟೇ ಆಗುತ್ತದೆ, ಆದರೆ 'ಇಷ್ಟರಲ್ಲಿ 1' ಅಂದಾಗ ಜನರಿಗೆ ರಿಸ್ಕ್ ದೊಡ್ಡದಾಗಿ ಕಾಣುತ್ತದೆ ಅಂತ ಹಲವು ಪ್ರಯೋಗಗಳಲ್ಲಿ ಕಂಡುಬಂದಿದೆ. ಆ ಒಬ್ಬರು ನಾವೇ ಅನ್ನಿಸಿಬಿಡುತ್ತದೆ ಅಂತ ಕಾಣುತ್ತದೆ, ನನ್ನ ಮುಂದೆ ಕೂತವರು ಎಷ್ಟೋ ಸಲ ಬೆರಳು ಆ '1'ರ ಮೇಲೇ ಇಟ್ಟಿರುತ್ತಾರೆ.

ಆಮೇಲೆ ಆ ಬಣ್ಣದ ಪಟ್ಟಿ. ನಮ್ಮಲ್ಲಿ ಸಾಮಾನ್ಯವಾಗಿ 1:250ರ ಒಳಗೆ ಬಂದರೆ 'ಹೈ ರಿಸ್ಕ್', ಅಲ್ಲಿಂದ 1:1000ರವರೆಗೆ 'ಇಂಟರ್ಮೀಡಿಯೇಟ್'. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಗೆರೆ ಇರುವುದು 1:150ಕ್ಕೆ. ಅಲ್ಲಿ ಎರಡೇ ಗುಂಪು, ನಡುವಿನದು ಇಲ್ಲ. ನೀವು ಲಂಡನ್ನಿನಲ್ಲಿ ಇದ್ದಿದ್ದರೆ ಇದೇ 1:480ಕ್ಕೆ ಕಡಿಮೆ ಸಾಧ್ಯತೆ ಅಂತ ಪತ್ರ ಬರುತ್ತಿತ್ತು, ಕಿತ್ತಳೆ ಬಣ್ಣವನ್ನು ನೀವು ನೋಡುತ್ತಲೇ ಇರಲಿಲ್ಲ. 1:200 ಬಂದ ಹೆಣ್ಣುಮಗಳು ಬೆಂಗಳೂರಿನಲ್ಲಿ ಹೈ ರಿಸ್ಕ್, ಅಲ್ಲಿ ಅಲ್ಲ. ಎಷ್ಟು ಜನರನ್ನು ಮುಂದಿನ ಪರೀಕ್ಷೆಗೆ ಕಳಿಸಬೇಕು ಅಂತ ಯಾರೋ ಕೂತು ತೀರ್ಮಾನಿಸಿ ಎಳೆದ ಗೆರೆ ಅದು. ಗೆರೆ ಬೇಕು, ಇಲ್ಲದಿದ್ದರೆ ಕೆಲಸ ನಡೆಯೋಲ್ಲ. ಆದರೆ ಗೆರೆಯ ಈಚೆ ಇದ್ದೇನೆ ಅಂದ ಮಾತ್ರಕ್ಕೆ ನಿಮ್ಮ ಮಗುವಿಗೆ ಏನೋ ಆಗಿದೆ ಅಂತ ಅಲ್ಲ.

ನನಗೆ ಜಾಸ್ತಿ ಸಿಟ್ಟು ಬಂದದ್ದು ಆ ಫಾರಂ ನೋಡಿ. ಮೊದಲೇ ಟಿಕ್ ಹಾಕಿದ ಚೌಕವನ್ನು ಜನ ಬದಲಾಯಿಸುವುದಿಲ್ಲ, ಇದು ಎಲ್ಲ ಕಡೆ ಗೊತ್ತಿರುವ ವಿಷಯ. ಅಮೆರಿಕದಲ್ಲಿ 2006ರಿಂದ ಎಚ್‌ಐವಿ ಪರೀಕ್ಷೆಗೆ ಇದೇ ದಾರಿ ಹಿಡಿದರು, ಬೇಡ ಅನ್ನದಿದ್ದರೆ ಮಾಡುತ್ತೇವೆ ಅಂತ. ಎಚ್‌ಐವಿಗೆ ಅದು ಸರಿ. ಬಸುರಿಗೆ ಎಚ್‌ಐವಿ ಇದೆ ಅಂತ ಗೊತ್ತಾದರೆ ಔಷಧಿ ಕೊಟ್ಟು ಮಗುವಿಗೆ ಹರಡದಂತೆ ತಡೆಯಬಹುದು, ಮಾಡಿಸಿಕೊಂಡರೆ ಲಾಭವೇ. ಡೌನ್ ಸಿಂಡ್ರೋಮ್ ಪರೀಕ್ಷೆ ಆ ಜಾತಿಯದ್ದಲ್ಲ. ಗೊತ್ತಾದ ಮೇಲೆ ಕೊಡುವ ಔಷಧಿ ಇಲ್ಲ, ಇರುವುದು ತೀರ್ಮಾನ ಮಾತ್ರ. ಅದು ಒಬ್ಬೊಬ್ಬರದು ಒಂದೊಂದು ರೀತಿ. ಅಂಥ ಕಡೆ ಚೌಕಕ್ಕೆ ಮೊದಲೇ ಟಿಕ್ ಹಾಕುವುದು, ಬೇಡ ಅನ್ನುವವರ ಹತ್ತಿರ ಮಾತ್ರ ಹೊಣೆ ಬರೆಸಿಕೊಳ್ಳುವುದು, ನನ್ನ ಪ್ರಕಾರ ತಪ್ಪು. ಹೂಂ ಅಂದವರ ಮೇಲೂ ಒಂದಷ್ಟು ಹೊಣೆ ಬೀಳುತ್ತದೆಯಲ್ವಾ, ಪಾಸಿಟಿವ್ ಬಂದರೆ ಮುಂದಿನ ಹೆಜ್ಜೆ ಏನು ಅನ್ನುವುದು? ಅದನ್ನು ಫಾರಂನಲ್ಲಿ ಯಾರೂ ಬರೆದಿರುವುದಿಲ್ಲ.

ಆ ಮುಂದಿನ ಹೆಜ್ಜೆ ಆಮ್ನಿಯೋ, ಅಂದರೆ ಹೊಟ್ಟೆಯ ಮೂಲಕ ಸೂಜಿ ಹಾಕಿ ಮಗುವಿನ ಸುತ್ತಲಿನ ನೀರು ತೆಗೆದು ಖಚಿತಪಡಿಸಿಕೊಳ್ಳುವುದು, 15 ವಾರ ಆದ ಮೇಲೆ. ಅಲ್ಲೂ ಇದೇ ಕಥೆ. "ಮಗು ಹೋಗಬಹುದು" ಅಂದರೆ ಯಾರೂ ಮಾಡಿಸುವುದಿಲ್ಲ. ಹಳೆಯ ಪುಸ್ತಕಗಳಲ್ಲಿ 100ಕ್ಕೆ 1 ಅಂತಿತ್ತು, ಈಗಿನ ಲೆಕ್ಕದಲ್ಲಿ 1000ಕ್ಕೆ 5ಕ್ಕಿಂತ ಕಡಿಮೆ. ಅಂದರೆ 1000ದಲ್ಲಿ 995ಕ್ಕೂ ಹೆಚ್ಚು ಜನರಿಗೆ ಅದರಿಂದ ಏನೂ ಆಗುವುದಿಲ್ಲ. ಸೂಜಿ ಹಾಕುವ ಈ ಪರೀಕ್ಷೆಗಳಿಗೆ ಪಿಸಿಪಿಎನ್‌ಡಿಟಿ ಕಾಯ್ದೆಯ (ಭ್ರೂಣಲಿಂಗ ಪತ್ತೆ ತಡೆಯುವ ಕಾಯ್ದೆ) ನಿಯಮ ಸ್ಪಷ್ಟವಾಗಿದೆ. ಅಡ್ಡಪರಿಣಾಮ ವಿವರಿಸಬೇಕು, ಆ ಹೆಣ್ಣುಮಗಳಿಗೆ ಅರ್ಥವಾಗುವ ಭಾಷೆಯಲ್ಲಿ ಒಪ್ಪಿಗೆ ಬರೆಸಿಕೊಳ್ಳಬೇಕು, ಒಂದು ಪ್ರತಿ ಅವರ ಕೈಗೇ ಕೊಡಬೇಕು. ಎನ್‌ಐಪಿಟಿಗೂ ಕನ್ನಡದಲ್ಲಿ ಫಾರಂ ಕೊಡಿ ಅಂತ ಕೇಳಿ, ನಾಚಿಕೆ ಬೇಡ.

ಹಾಸನ್ ಹುಡುಗ

ಅಕ್ಕ, ಒಪ್ಪಿದೆ, ಆದರೆ ಡಾಕ್ಟರ್ ಯಾವುದಾದರೂ ಒಂದು ರೀತಿಯಲ್ಲಿ ಹೇಳಲೇಬೇಕಲ್ವಾ? 99.8 ಸರಿ ಅಂದರೂ ಅದು ಒಂದು ಕಡೆ ವಾಲಿಸಿದ ಹಾಗೇ ಆಯ್ತು. ಆ ಹುಬ್ಬಳ್ಳಿ ಡಾಕ್ಟರ್ ನಕ್ಕರಂತೆ, ಅದೇನು ನ್ಯಾಯ? ಅವರು ನಗದೆ ಇದ್ದಿದ್ದರೆ ಮೇಡಂ ಮಲಗುತ್ತಿರಲಿಲ್ಲ. ಬರೀ ಹೆದರಿಸುವವರನ್ನೇ ಯಾಕೆ ಬೈಯಬೇಕು, ಸಮಾಧಾನ ಮಾಡುವವರೂ ಅದೇ ಕೆಲಸ ಮಾಡುತ್ತಿದ್ದಾರೆ.

ಜೀನ್ಸ್ ಅಕ್ಕ

ಈ ಮಾತು ನೂರಕ್ಕೆ ನೂರು ಸರಿ. ಯಾವ ಕಡೆಗೂ ವಾಲದ ಮಾತು ಅಂತ ಒಂದು ಇಲ್ಲ. ಅದಕ್ಕೇ ಎರಡೂ ಕಡೆಯಿಂದ ಹೇಳಬೇಕು ಅಂತ ನಮಗೆ ಕಲಿಸುತ್ತಾರೆ. "1000 ಜನರಲ್ಲಿ 2 ಜನರ ಮಗುವಿಗೆ ಇರುತ್ತದೆ, 998 ಜನರ ಮಗುವಿಗೆ ಇರುವುದಿಲ್ಲ" ಅಂತ ಒಂದೇ ಉಸಿರಿನಲ್ಲಿ. ಸಾವಿರ ಚುಕ್ಕಿ ಇರುವ ಒಂದು ಹಾಳೆಯಲ್ಲಿ ಎರಡು ಚುಕ್ಕಿಗೆ ಮಸಿ ಹಚ್ಚಿ ಮುಂದೆ ಇಟ್ಟರೆ ಇನ್ನೂ ಒಳ್ಳೆಯದು. ಕೆಲವರು ಆ ಹಾಳೆ ನೋಡಿ "ಅಯ್ಯೋ ಇಷ್ಟೇನಾ" ಅನ್ನುತ್ತಾರೆ, ಕೆಲವರು ಆ ಎರಡು ಚುಕ್ಕಿಯಿಂದ ಕಣ್ಣು ಕೀಳುವುದೇ ಇಲ್ಲ. ಇಬ್ಬರೂ ಸರಿಯೇ. ನನಗೆ ಬೇಕಾದದ್ದು ಇಷ್ಟೇ, ಆ ವ್ಯತ್ಯಾಸ ಅವರಿಂದ ಬರಲಿ, ನನ್ನ ದನಿಯಿಂದ ಬೇಡ.

ಇನ್ನೊಂದು ಮಾತು, ತುಂಗಾ. ನಿಮ್ಮ ಡಾಕ್ಟರ್ "ನಾಳೆ ಅನ್ನಿಸಬಾರದಲ್ವಾ" ಅಂದರಲ್ಲ, ಅದು ನಂಬರಿಗಿಂತ ದೊಡ್ಡ ಒತ್ತಡ. ಮಾಡಿಸದೆ ಬಿಟ್ಟು ಆಮೇಲೆ ನೊಂದುಕೊಳ್ಳುವುದನ್ನು ಮಾತ್ರ ಅವರು ತೋರಿಸಿದರು. ಮಾಡಿಸಿ, ಸುಳ್ಳು ಪಾಸಿಟಿವ್ ಬಂದು, ಆಮ್ನಿಯೋ ರಿಪೋರ್ಟ್ ಬರುವವರೆಗೆ ಊಟ ನಿದ್ದೆ ಬಿಟ್ಟು ಕೂರುವವರೂ ಇದ್ದಾರೆ, ಅದೂ ನೋವೇ. ರಕ್ತದಲ್ಲಿ ಮಗುವಿನ ಡಿಎನ್‌ಎ ಸಾಕಷ್ಟು ಸಿಗಲಿಲ್ಲ, ರಿಸಲ್ಟೇ ಇಲ್ಲ, ಮತ್ತೆ ರಕ್ತ ಕೊಡಿ ಅನ್ನುವುದೂ ಇದೆ.

ಹಂಟಿಂಗ್‌ಟನ್ ಕಾಯಿಲೆಯ ಕಥೆ ನೋಡಿ, ಮನೆತನದಲ್ಲಿ ಬರುವ, ನಡುವಯಸ್ಸಿನಲ್ಲಿ ಮೆದುಳನ್ನು ಹಾಳುಮಾಡುವ ಕಾಯಿಲೆ ಅದು. ಪರೀಕ್ಷೆ ಇನ್ನೂ ಇರದ ಕಾಲದಲ್ಲಿ, ಆ ಕಾಯಿಲೆ ಬರಬಹುದಾದ ಮನೆತನದವರನ್ನು ಕೇಳಿದರೆ ಅರ್ಧಕ್ಕಿಂತ ಜಾಸ್ತಿ ಜನ "ಬಂದರೆ ಮಾಡಿಸುತ್ತೇವೆ" ಅನ್ನುತ್ತಿದ್ದರು. 1993ರಲ್ಲಿ ಜೀನ್ ಸಿಕ್ಕಿತು, ನೇರ ಪರೀಕ್ಷೆ ಬಂತು. ಮಾಡಿಸಿಕೊಂಡವರು ಬಹಳ ಕಡೆ ಐದರಲ್ಲಿ ಒಬ್ಬರ ಆಸುಪಾಸು, ಕೆಲವು ಕಡೆ ಅದಕ್ಕೂ ಕಡಿಮೆ. "ಗೊತ್ತಾದರೆ ಒಳ್ಳೆಯದಲ್ವಾ" ಅಂತ ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ. "ಔಷಧಿ ಇಲ್ಲ, ಗೊತ್ತಾದದ್ದನ್ನು ಮರೆಯೋಕೂ ಆಗಲ್ಲ, ಈಗ ಹೇಳಲಾ" ಅಂದಾಗ ಉತ್ತರ ಬೇರೆ. ಹಾಗಾಗಿ ಬೇಕಾ ಬೇಡವಾ ಅಂತ ಕೇಳಿಕೊಳ್ಳುವ ಮೊದಲು, ಪಾಸಿಟಿವ್ ಬಂದರೆ ಆಮ್ನಿಯೋ ಮಾಡಿಸುತ್ತೇವಾ, ಅದೂ ಹೌದು ಅಂದರೆ ಏನು ಮಾಡುತ್ತೇವೆ, ಅಂತ ನೀವಿಬ್ಬರೂ ಕೂತು ಮಾತಾಡಿ. ಯಜಮಾನರು ಜಾರಿಕೊಳ್ಳುವುದಕ್ಕೆ ಬಿಡಬೇಡಿ.

ಚಿನ್ನು ಅಪ್ಪ ಮೈಸೂರು

ಇಷ್ಟೂ ಓದಿದೆ. ಎಲ್ಲರೂ ಸಾಧ್ಯತೆ ಎಷ್ಟು ಅಂತ ಲೆಕ್ಕ ಹಾಕುತ್ತಿದ್ದೀರಿ. ಯಾವುದರ ಸಾಧ್ಯತೆ ಅಂತ ಯಾರೂ ಹೇಳಲಿಲ್ಲ. ನನ್ನ ಮಗಳಿಗೆ ಡೌನ್ ಸಿಂಡ್ರೋಮ್ ಇದೆ, ಹುಟ್ಟಿದ ಮೇಲೆ ಗೊತ್ತಾಯಿತು. ನಮಗೆ ಅದನ್ನು ಹೇಳಿದವರು ಅವಳಿಗೆ ಬರದೆ ಇರುವುದನ್ನೆಲ್ಲ ಪಟ್ಟಿ ಮಾಡಿದರು. ನಡೆಯುವುದು ತಡ, ಮಾತು ತಡ, ಬುದ್ಧಿ ಕಡಿಮೆ, ಹೃದಯದ ತೊಂದರೆ ಇರಬಹುದು, ಆಯಸ್ಸು ಕಡಿಮೆ.

ಅದರಲ್ಲಿ ಸುಳ್ಳೇನೂ ಇಲ್ಲ. ಇಂಥ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಹೃದಯದ ತೊಂದರೆ ಇರುತ್ತದೆ, ನಮ್ಮವಳಿಗೂ ಇತ್ತು, ಆಪರೇಷನ್ ಆಯಿತು. ಮಾತು ತಡವಾಯಿತು. ಇಲ್ಲೇ ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ, ಆಯಿಷ್ ಇದೆಯಲ್ಲ, ಅಲ್ಲಿ ಸ್ಪೀಚ್ ಥೆರಪಿಗೆ ಕರೆದುಕೊಂಡು ಹೋಗುತ್ತಿದ್ದೆವು. ಈಗ ಅವಳು ಬಾಯಿ ಬಿಟ್ಟರೆ ನಿಲ್ಲಿಸುವುದು ಕಷ್ಟ. ಬೆಳಗ್ಗೆ ಹಾಲಿನ ಪ್ಯಾಕೆಟ್ ತರುವುದು ಅವಳ ಕೆಲಸ. ಚಿಲ್ಲರೆ ಎಣಿಸುವುದಕ್ಕೆ ಬರುವುದಿಲ್ಲ, ಅಂಗಡಿಯವರಿಗೆ ಗೊತ್ತು. ಆದರೆ ಪ್ಯಾಕೆಟ್ ಸೋರುತ್ತಿದ್ದರೆ ಬಿಡುವುದಿಲ್ಲ, ಎತ್ತಿ ಹಿಡಿದು ಕೆಳಗಿನ ಮೂಲೆ ಒತ್ತಿ ನೋಡಿಯೇ ತರುತ್ತಾಳೆ. ಅಡುಗೆಮನೆಯಲ್ಲಿ ಅವಳಿಗೆ ಗೊತ್ತಿಲ್ಲದ ಡಬ್ಬಿ ಇಲ್ಲ. ಮುಂದುವರಿದ ದೇಶಗಳಲ್ಲಿ ಈಗ ಇವರು 60 ವರ್ಷದ ಹತ್ತಿರ ಬದುಕುತ್ತಾರೆ, 1980ರ ಸುಮಾರಿಗೆ ಅದು 25 ಇತ್ತು. ನಮಗೆ ಹೇಳಿದವರು 'ಆಯಸ್ಸು ಕಡಿಮೆ' ಅಂತ ಮಾತ್ರ ಹೇಳಿದರು.

ನಾನು ಪರೀಕ್ಷೆ ಬೇಡ ಅನ್ನುವ ಗುಂಪಿನವನಲ್ಲ. ಇದರ ಕಷ್ಟ ಸಣ್ಣದಲ್ಲ, ನಾವು ಹೋದ ಮೇಲೆ ಅವಳನ್ನು ಯಾರು ನೋಡುತ್ತಾರೆ ಅನ್ನುವ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಅಂಗವಿಕಲರಿಗೆ ಸರ್ಕಾರ ಕೊಡುವ ಯುಡಿಐಡಿ ಕಾರ್ಡ್ ಇದೆ, ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆ ಇದೆ, ಅದರಲ್ಲಿ ವರ್ಷಕ್ಕೆ ಒಂದು ಲಕ್ಷದವರೆಗೆ ಸಿಗುತ್ತದೆ, ಅದು ಎಲ್ಲಿಗೂ ಸಾಲುವುದಿಲ್ಲ. ಗೊತ್ತಾದ ಮೇಲೆ ಬೇಡ ಅಂತ ತೀರ್ಮಾನ ಮಾಡಿದವರನ್ನು ನಾನು ಒಂದು ಮಾತೂ ಅನ್ನುವುದಿಲ್ಲ. ನನ್ನ ತಕರಾರು ಒಂದೇ. ಐಸ್‌ಲೆಂಡಿನಲ್ಲಿ ಪರೀಕ್ಷೆಯಲ್ಲಿ ಖಚಿತವಾದವರಲ್ಲಿ ಹೆಚ್ಚುಕಮ್ಮಿ ಎಲ್ಲರೂ ಬಸಿರು ತೆಗೆಸುತ್ತಾರೆ ಅಂತ ಸುದ್ದಿಯಾಗಿತ್ತು. ಅಲ್ಲಿ ಯಾರೂ ಬಲವಂತ ಮಾಡುವುದಿಲ್ಲ, ಪರೀಕ್ಷೆ ಇದೆ ಅಂತ ಎಲ್ಲರಿಗೂ ಹೇಳುತ್ತಾರೆ ಅಷ್ಟೇ. ಆದರೆ ಪರೀಕ್ಷೆಯ ಬಗ್ಗೆ ಹೇಳುವವರು ಇಂಥ ಒಂದು ಮಗುವಿನ ಜೊತೆ ಒಂದು ಮಧ್ಯಾಹ್ನ ಕಳೆದಿರುತ್ತಾರಾ? ತಂಗಿ, ನೀವು ಯಾವ ತೀರ್ಮಾನಕ್ಕೆ ಬಂದರೂ ಸರಿ, ಅದಕ್ಕೆ ಮೊದಲು ಇಂಥ ಮಗು ಇರುವ ಒಂದು ಮನೆಗೆ ಹೋಗಿ ಬನ್ನಿ. ಒಳ್ಳೆಯ ದಿನ ಬೇಡ, ಮಾಮೂಲಿ ದಿನ ಹೋಗಿ.

ಬಾದಾಮಿ ರೊಟ್ಟಿ

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಮ್ಮ ತಂಗಿಗೆ ನಮ್ಮ ಸೋದರಮಾವನ ಜೊತೆ ಮದುವೆ ಮಾತು ನಡೆದಿದೆ. ಡಾಕ್ಟರ್ ಒಬ್ಬರು "ಮಕ್ಕಳಿಗೆ ತೊಂದರೆ ಬರೋ ಸಾಧ್ಯತೆ ಡಬಲ್‌ಗಿಂತ ಜಾಸ್ತಿ" ಅಂದರು, ಅವ್ವ ಗಾಬರಿಯಾಗಿದ್ದಾಳೆ. ಅಜ್ಜಿ "ನಮ್ಮ ಮನೆತನದಾಗ ಎಲ್ಲಾರೂ ಹಿಂಗ ಆಗೀವಿ, ಯಾರಿಗೆ ಏನಾಗೇತಿ" ಅಂತಾಳೆ. ಇದೂ ಅದೇ ಥರದ ಆಟ ಏನು?

ಜೀನ್ಸ್ ಅಕ್ಕ

ಹೌದು, ಇದು ಒಳ್ಳೆಯ ಉದಾಹರಣೆ. 'ಡಬಲ್' ಅಂದಾಗ ಎಷ್ಟರ ಡಬಲ್ ಅಂತ ಕೇಳಬೇಕು. ಸಂಬಂಧವೇ ಇಲ್ಲದ ದಂಪತಿಗೆ ಹುಟ್ಟುವ 100 ಮಕ್ಕಳಲ್ಲಿ 3ಕ್ಕೆ ಏನಾದರೂ ಹುಟ್ಟು ದೋಷ ಇರುತ್ತದೆ. ಅತ್ತೆ ಮಗಳು, ಮಾವನ ಮಗ ಇಂಥ ಮದುವೆಯಲ್ಲಿ ಅದು ಸುಮಾರು 6 ಆಗುತ್ತದೆ, ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ಮಾಡಿದ ದೊಡ್ಡ ಅಧ್ಯಯನ 2013ರಲ್ಲಿ ಇದನ್ನೇ ಹೇಳಿತು. ಡಬಲ್ ಅಂದರೂ ಸರಿ, 100ರಲ್ಲಿ 94 ಮಕ್ಕಳು ಚೆನ್ನಾಗಿರುತ್ತಾರೆ ಅಂದರೂ ಸರಿ. ಡಾಕ್ಟರ್ ಮೊದಲನೆಯದು ಹೇಳಿದರು, ಅಜ್ಜಿ ಎರಡನೆಯದು ಹೇಳಿದರು.

ಆದರೆ ಸೋದರಮಾವ ಅಂದರೆ ಇನ್ನೂ ಹತ್ತಿರದ ರಕ್ತ. ಅತ್ತೆ ಮಾವನ ಮಕ್ಕಳ ನಡುವೆ ಎಂಟರಲ್ಲಿ ಒಂದು ಪಾಲು ಜೀನ್ ಒಂದೇ ಆಗಿದ್ದರೆ, ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ನಾಲ್ಕರಲ್ಲಿ ಒಂದು ಪಾಲು. ಹಾಗಾಗಿ ಆ 6ಕ್ಕಿಂತ ಜಾಸ್ತಿಯೇ ಅಂತ ಇಟ್ಟುಕೊಳ್ಳಿ. ಅದರ ಮೇಲೆ ಅಜ್ಜಿ ಹೇಳುವ ಹಾಗೆ ಹಿಂದಿನ ತಲೆಮಾರುಗಳೂ ಹಾಗೇ ಆಗಿದ್ದರೆ ಪಾಲು ಇನ್ನೂ ಹೆಚ್ಚು. ಮನೆತನದಲ್ಲಿ ಯಾರಿಗಾದರೂ ಕಿವುಡು, ಬುದ್ಧಿ ಬೆಳೆಯದಿರುವುದು, ಚಿಕ್ಕಂದಿನಲ್ಲೇ ತೀರಿಕೊಂಡ ಮಕ್ಕಳು, ಹೀಗೆ ಏನಾದರೂ ಇದೆಯಾ ಅಂತ ಅಜ್ಜಿಯನ್ನೇ ಕೂರಿಸಿಕೊಂಡು ಕೇಳಿ. "ಯಾರಿಗೆ ಏನಾಗೇತಿ" ಅಂದ ಅಜ್ಜಿಯಂದಿರೇ ಅರ್ಧ ಗಂಟೆ ಆದ ಮೇಲೆ "ಒಂದು ಕೂಸು ಹೋತು ನೋಡು" ಅನ್ನುತ್ತಾರೆ. ಅಂಥದ್ದು ಸಿಕ್ಕರೆ ಮದುವೆಗೆ ಮೊದಲೇ ಇಬ್ಬರಿಗೂ ಕ್ಯಾರಿಯರ್ ಪರೀಕ್ಷೆ ಮಾಡಿಸಿ, ಅಂದರೆ ತಮಗೆ ಕಾಯಿಲೆ ಇಲ್ಲದಿದ್ದರೂ ಅದರ ಜೀನ್ ಇದೆಯಾ ಅಂತ ನೋಡುವುದು. ಎಲ್ಲಕ್ಕಿಂತ ಮೊದಲು ತಂಗಿಗೆ ಈ ಮದುವೆ ಇಷ್ಟವಾ ಅಂತ ಕೇಳಿದ್ದೀರಾ? ಈ ಗಲಾಟೆಯಲ್ಲಿ ಅದು ಹಿಂದೆ ಬಿದ್ದುಹೋಗುತ್ತದೆ.

ತುಂಗಾತೀರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇಷ್ಟ್ರೇ, ನಿಮ್ಮ 31ರಲ್ಲಿ 10 ಲೆಕ್ಕವನ್ನು ಒಂದು ಹಾಳೆಯ ಮೇಲೆ ಬರೆದು ನಮ್ಮ ಯಜಮಾನರ ಮುಂದೆ ಇಟ್ಟೆ. ಮೊದಲ ಸಲ ಅವರು ಫೋನ್ ಕೆಳಗಿಟ್ಟು ಕೂತರು. ಪಾಸಿಟಿವ್ ಬಂದರೆ ಆಮ್ನಿಯೋ ಮಾಡಿಸುತ್ತೀವಾ ಅಂತ ಕೇಳಿದ್ದಕ್ಕೆ ನಾನು ಹೂಂ ಅಂದೆ, ಅವರು ಬೇಡ ಅಂದರು. ಇಷ್ಟು ದಿನ ಇಬ್ಬರದ್ದೂ ಒಂದೇ ಅಭಿಪ್ರಾಯ ಅಂದುಕೊಂಡಿದ್ದೆವು! ಅವರಿಗೆ ಸೂಜಿಯ ಹೆದರಿಕೆ, ಮಗುವಿನ ಹೆದರಿಕೆ ಅಲ್ಲ. 1000ಕ್ಕೆ 5ಕ್ಕಿಂತ ಕಡಿಮೆ ಅಂತ ಓದಿ ಹೇಳಿದ ಮೇಲೆ ಸ್ವಲ್ಪ ಮೆತ್ತಗಾದರು, ಪೂರ್ತಿ ಒಪ್ಪಿಲ್ಲ.

ಏನೇ ಬಂದರೂ ಮಗುವನ್ನು ಇಟ್ಟುಕೊಳ್ಳುತ್ತೇವಾ ಅನ್ನುವುದಕ್ಕೆ ನಮ್ಮಿಬ್ಬರ ಹತ್ತಿರ ಇನ್ನೂ ಉತ್ತರ ಇಲ್ಲ. ಆದರೆ ಹೃದಯದ ತೊಂದರೆ ಅರ್ಧದಷ್ಟು ಮಕ್ಕಳಿಗೆ ಇರುತ್ತದೆ ಅಂತ ಚಿನ್ನು ಅಪ್ಪ ಅವರು ಬರೆದದ್ದು ಓದಿದ ಮೇಲೆ, ಇಟ್ಟುಕೊಳ್ಳುವುದಾದರೂ ಮೊದಲೇ ಗೊತ್ತಿದ್ದರೆ ಹೆರಿಗೆಗೆ ಒಳ್ಳೆಯ ಆಸ್ಪತ್ರೆ ನೋಡಿಕೊಳ್ಳಬಹುದು ಅನ್ನಿಸಿತು. ಈ ಕಾರಣಕ್ಕೆ ಎನ್‌ಐಪಿಟಿ ಮಾಡಿಸುತ್ತಿದ್ದೇನೆ, ಬೇಸಿಕ್ ಮಾತ್ರ. ಅತ್ತೆಗೂ ಚುಕ್ಕಿ ಹಾಳೆ ಮಾಡಿ ತೋರಿಸಿದೆ, "ಇದರಲ್ಲಿ ಎರಡಕ್ಕೆ ಇಷ್ಟು ರಾದ್ಧಾಂತವಾ" ಅಂದರು. ಕನ್ನಡ ಫಾರಂ ಕೇಳಿದ್ದೇನೆ, ಹುಡುಕುತ್ತೇವೆ ಅಂದಿದ್ದಾರೆ.

ಚಿನ್ನು ಅಪ್ಪ, ನಿಮಗೆ ಒಂದು ಮೆಸೇಜ್ ಕಳಿಸಿದ್ದೇನೆ, ನೋಡಿ.

ಜೀನ್ಸ್ ಅಕ್ಕ

ಒಳ್ಳೆಯದು. ರಿಪೋರ್ಟ್ ಬಂದಾಗ ಲ್ಯಾಬಿನವರ ಫೋನಿನಲ್ಲೇ ಕೇಳಿಸಿಕೊಳ್ಳಬೇಡಿ, ಇಬ್ಬರೂ ಹೋಗಿ ಎದುರಿಗೆ ಕೂತು ಕೇಳಿ. ಪಾಸಿಟಿವ್ ಅಂದರೆ "ನನ್ನ ವಯಸ್ಸಿಗೆ, ನನ್ನ 1:480ಕ್ಕೆ, ಇದು ನಿಜವಾಗಿರುವ ಸಾಧ್ಯತೆ ಎಷ್ಟು" ಅಂತ ಕೇಳಿ. ಕೆಲವು ಲ್ಯಾಬುಗಳು ಆ ಲೆಕ್ಕವನ್ನು ಪಿಪಿವಿ ಅಂತ ರಿಪೋರ್ಟಿನಲ್ಲೇ ಹಾಕಿರುತ್ತಾರೆ. ನೆಗೆಟಿವ್ ಬಂದರೂ 18ರಿಂದ 20ನೇ ವಾರದ ಅನಾಮಲಿ ಸ್ಕ್ಯಾನ್ ಬಿಡಬೇಡಿ. ಹೃದಯ, ಬೆನ್ನುಹುರಿ ಇವೆಲ್ಲ ಅಲ್ಲೇ ಕಾಣುವುದು, ಈ ರಕ್ತಪರೀಕ್ಷೆಯಲ್ಲಿ ಅಲ್ಲ.

ಹಾಸನ್ ಹುಡುಗ

ಮೇಡಂ, ಬೇಸಿಕ್ ಸಾಕು ಅಂತ ಗಟ್ಟಿಯಾಗಿ ಹೇಳಿ, ಆಮೇಲೆ ರೇಟ್ ಕೇಳಿ. ನಮಗೆ ಮೊದಲು ಹೇಳಿದ ರೇಟಿಗಿಂತ ಕಡಿಮೆ ಮಾಡಿಕೊಟ್ಟರು, ಕೇಳಿದ್ದಕ್ಕೆ ಮಾತ್ರ.